ಕೆರೆಯೊಳಗೆ ಬೆಳಕು ಎಷ್ಟು ಇಳಿಯುತ್ತದೆ?

ಮಾನ್ಯ ಸಂಪಾದಕರೇ,

ಕೆರೆ ನೀರಿನ ವರದಿಗಳಲ್ಲಿ ಆಮ್ಲಜನಕ ಎಷ್ಟು, ಪಿಎಚ್ ಎಷ್ಟು ಅಂತ ಇರುತ್ತದೆ. ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದು ಮಾತ್ರ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ನೀರೊಳಗಿನ ಗಿಡಗಳು ಬದುಕುವುದೇ ಆ ಬೆಳಕಿನಿಂದ ಅಲ್ವಾ?

ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ನಾಲ್ಕು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆ ನಮ್ಮ ಕೆರೆಯಲ್ಲಿ ದೋಣಿಯಲ್ಲಿ ಹೋಗಿ, ನೀರು ಎಷ್ಟು ತಿಳಿಯಾಗಿದೆ ಅಂತ ನೋಡುವ ಸೆಕ್ಕಿ ತಟ್ಟೆ ಇಳಿಸುತ್ತೇನೆ. 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆ, ಗುರುತು ಹಾಕಿದ ಹಗ್ಗ, ಅಷ್ಟೇ. ತಟ್ಟೆ ಮರೆಯಾದ ಆಳ ಒಂದು, ಮೇಲೆಳೆಯುವಾಗ ಮತ್ತೆ ಕಂಡ ಆಳ ಇನ್ನೊಂದು. ಎರಡರ ಸರಾಸರಿ ಬರೆದುಕೊಳ್ಳುತ್ತೇನೆ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಇಂಥ ಬಿಳಿ ತಟ್ಟೆಗಳನ್ನು ಸಮುದ್ರಕ್ಕೆ ಇಳಿಸಿ ನೋಡಿದ್ದರು. ಮೊದಲ ವರ್ಷ ನನ್ನ ತಟ್ಟೆ ಎದೆಯುದ್ದ ಇಳಿದರೂ ಕಾಣುತ್ತಿತ್ತು. ಈಗ ಮೊಣಕಾಲುದ್ದಕ್ಕೇ ಮಾಯ. ತಳದಲ್ಲಿದ್ದ ಗಿಡಗಳೂ ಹೋದವು. ಬೇರು ಹಿಡಿದಿಟ್ಟುಕೊಂಡಿದ್ದ ಕೆಸರು ಈಗ ಸಣ್ಣ ಗಾಳಿಗೂ ಏಳುತ್ತದೆ, ನೀರು ಇನ್ನೂ ಕದಡುತ್ತದೆ. ಹೀಗೆ ಒಮ್ಮೆ ಕೆಟ್ಟ ಕೆರೆ ತಾನಾಗಿ ತಿಳಿಯಾಗುವುದು ಬಹಳ ಕಷ್ಟ.

ತಟ್ಟೆ ಹೇಳುವುದು ನಮ್ಮ ಕಣ್ಣಿನ ಲೆಕ್ಕ. ಗಿಡದ ಲೆಕ್ಕ ಬೇರೆ. ಅದು ನೇರಳೆಯಿಂದ ಕೆಂಪಿನವರೆಗೆ, ಅಂದರೆ 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಬಳಸುತ್ತದೆ. ಸಾಮಾನ್ಯವಾಗಿ ಬೆಳಕು ಅಳೆಯುವ ಲಕ್ಸ್ ಮೀಟರ್ ಮನುಷ್ಯರ ಕಣ್ಣಿಗೆ ಹೊಂದಿಸಿದ್ದು, ಹಸಿರಿಗೆ ಜಾಸ್ತಿ ತೂಕ ಕೊಡುತ್ತದೆ. ಹಾಗಾಗಿ ಗಿಡ ಬಳಸುವ ಬೆಳಕನ್ನೇ ಅಳೆಯುವ, ನೀರಿಗಿಳಿಸುವ ಕ್ವಾಂಟಮ್ ಸೆನ್ಸರ್ ಬೇಕು. ಅರ್ಧ ಅರ್ಧ ಮೀಟರ್‌ಗೆ ನಿಲ್ಲಿಸಿ ಓದಬೇಕು. ಅದೇ ಕ್ಷಣಕ್ಕೆ ದೋಣಿಯ ಮೇಲೂ ಒಂದು ಸೆನ್ಸರ್ ಓದುತ್ತಿರಬೇಕು. ಇಲ್ಲದಿದ್ದರೆ ಮೋಡ ಮುಚ್ಚಿದ್ದನ್ನೂ ನೀರಿನ ತಪ್ಪು ಅಂದುಕೊಳ್ಳುತ್ತೇವೆ. ತಟ್ಟೆಯನ್ನು ದೋಣಿಯ ನೆರಳಿನ ಕಡೆ ಬಿಡಬೇಕು, ಸೆನ್ಸರನ್ನು ಬಿಸಿಲಿನ ಕಡೆ. ಮೇಲಿನ ಬೆಳಕಿನ ಶೇ 1ರಷ್ಟು ಮಾತ್ರ ಉಳಿಯುವ ಆಳ ಸಿಕ್ಕರೆ, ಪಾಚಿಗೂ ಬೆಳಕು ಸಾಲದ ಗಡಿ ಹೆಚ್ಚು ಕಡಿಮೆ ಅದೇ. ಬೇರು ಬಿಡುವ ಗಿಡಗಳಿಗೆ ಅದಕ್ಕಿಂತ ಜಾಸ್ತಿಯೇ ಬೇಕು.

ಅಮೆರಿಕದ ಟಾಹೋ ಸರೋವರದಲ್ಲಿ 1960ರ ದಶಕದಿಂದ ಬಿಡದೆ ತಟ್ಟೆ ಇಳಿಸುತ್ತಿದ್ದಾರೆ. ನೀರಿನ ತಿಳಿ ಎಷ್ಟು ಕಡಿಮೆಯಾಯಿತು ಅಂತ ಅವರು ಹೇಳಬಲ್ಲರು. ಸುಮ್ನೆ ಒಂದು ದಿನ ಅಳೆದರೆ ಅದು ಗೊತ್ತಾಗುವುದಿಲ್ಲ.

ಕೆರೆ ನೋಡಿಕೊಳ್ಳುವವರಲ್ಲಿ ನನ್ನ ಮನವಿ ಇಷ್ಟೇ. ದಡದಲ್ಲಿ ಬಾಟಲಿ ತುಂಬಿಸಿಕೊಂಡು ಹೋಗುವ ದಿನ ತಟ್ಟೆ, ಸೆನ್ಸರ್ ಎರಡನ್ನೂ ಇಳಿಸಿ. ಅದೇ ಜಾಗ, ನಡು ಮಧ್ಯಾಹ್ನದ ಹೊತ್ತು. ಆ ಅಂಕಿಗಳನ್ನು ಜನರಿಗೂ ಕಾಣುವಂತೆ ಹಾಕಿ. ನನ್ನ ನಾಲ್ಕು ವರ್ಷದ ಪುಸ್ತಕ ಬೇಕಾದರೆ ಸಂತೋಷದಿಂದ ಕೊಡುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ