ಸ್ಕ್ಯಾನ್ ಡಿಸ್ಕ್ ಕೊಟ್ಟರೆ ಸಾಲದು, ತೆರೆಯುವ ದಾರಿಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸಿಕೊಂಡವರ ಕೈಗೆ ಫಿಲ್ಮ್, ವರದಿಗಳ ಜೊತೆ ಒಂದು ಡಿಸ್ಕ್ ಕೂಡ ಸೇರುತ್ತದೆ. ಮೂರರಲ್ಲಿ ಹೆಚ್ಚು ಮಾಹಿತಿ ಇರುವುದು ಡಿಸ್ಕಿನಲ್ಲೇ. ಯಾರೂ ತೆರೆದು ನೋಡದೆ ಕಪಾಟಿನ ಮೂಲೆ ಸೇರುವುದೂ ಅದೇ. ಫಿಲ್ಮಿನ ಮೇಲೆ ಮೂಡುವುದು ಆಯ್ದ ಕೆಲವು ಚಿತ್ರಗಳು, ಅದೂ ಒಂದೇ ಹದದ ಬೆಳಕು-ಕತ್ತಲೆಯಲ್ಲಿ. ಡಿಸ್ಕಿನಲ್ಲಾದರೋ ನೂರಾರು ಚಿತ್ರಗಳು ತಮ್ಮ ಮೂಲ ಅಂಕಿಗಳ ಸಮೇತ ಇರುತ್ತವೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಾಗ, ಮುಂದೆ ಮತ್ತೊಂದು ಸ್ಕ್ಯಾನ್ ಆದಾಗ ಹಳೆಯದರೊಂದಿಗೆ ತಾಳೆ ನೋಡುವಾಗ ಬೇಕಾಗುವುದು ಇದೇ. ಆದರೆ ಇದನ್ನು ತೆರೆಯುವುದು ಹೇಗೆ ಎಂದು ಕೇಳಿದರೆ ಕೌಂಟರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಕಂಪ್ಯೂಟರಿಗೆ ಹಾಕಿ, ತಾನಾಗೇ ಬರುತ್ತೆ." ಎಷ್ಟೋ ಸಲ ಬರುವುದಿಲ್ಲ. ಯಾಕೆ ಬರುವುದಿಲ್ಲ, ಬಾರದಿದ್ದರೆ ಏನು ಮಾಡಬೇಕು ಎಂಬುದು ಓದುಗರಿಗೆ ತಿಳಿದಿರಲಿ ಎಂದು ಈ ಪತ್ರ. ಸ್ಕ್ಯಾನ್ ಕೇಂದ್ರಗಳಿಗೂ ಇದರಲ್ಲಿ ಕೆಲವು ಮಾತುಗಳಿವೆ.

ಡಿಸ್ಕ್ ತೆರೆದಾಗ ಒಳಗೆ ಫೋಟೊಗಳು ಕಾಣುವುದಿಲ್ಲ. ಕೆಲವು ಫೋಲ್ಡರುಗಳು, ಅವುಗಳೊಳಗೆ ಎಂಟು ಅಕ್ಷರ ಮೀರದ, ಬರೀ ದೊಡ್ಡಕ್ಷರ ಮತ್ತು ಅಂಕಿಗಳ ಹೆಸರಿನ ನೂರಾರು ಫೈಲುಗಳು ಕಾಣುತ್ತವೆ. ಹೆಸರಿನ ಕೊನೆಗೆ ಚುಕ್ಕಿಯೂ ಇಲ್ಲ, ಜೆಪೆಗ್ ಎಂಬ ಬಾಲವೂ ಇಲ್ಲ. ಇವೆಲ್ಲ ಡೈಕಾಮ್ ಎಂಬ ಮಾದರಿಯ ಫೈಲುಗಳು. ಈಗಿನ ರೂಪದ ಡೈಕಾಮ್ ಬಂದದ್ದು 1993ರಲ್ಲಿ; ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದರ ಚಿತ್ರವನ್ನು ಇನ್ನೊಂದು ಓದುವಂತಾಗಲಿ ಎಂಬುದೇ ಅದರ ಉದ್ದೇಶ. ಪ್ರತಿ ಫೈಲಿನಲ್ಲೂ ಚಿತ್ರದ ಜೊತೆಗೆ ರೋಗಿಯ ಹೆಸರು, ಹುಟ್ಟಿದ ದಿನ, ಸ್ಕ್ಯಾನ್ ಆದ ದಿನಾಂಕ, ಸ್ಲೈಸಿನ (ಒಂದು ಚಿತ್ರದಲ್ಲಿ ಕಾಣುವ ದೇಹದ ಸೀಳಿನ) ದಪ್ಪ, ಒಂದು ಪಿಕ್ಸೆಲ್ ಎಷ್ಟು ಮಿಲಿಮೀಟರ್ ಎಂಬ ಲೆಕ್ಕ ಎಲ್ಲವೂ ಸೇರಿಕೊಂಡಿರುತ್ತದೆ. ಮಾಮೂಲಿ ಫೋಟೊ ತೋರಿಸುವ ಪ್ರೋಗ್ರಾಂಗೆ ಇದು ಅರ್ಥವಾಗುವುದಿಲ್ಲ. ಹೆಸರಿನ ಕೊನೆಗೆ ಜೆಪೆಗ್ ಎಂದು ಸೇರಿಸಿದರೂ ಆಗದು. ಹೆಸರು ಬದಲಾದರೆ ಒಳಗಿನ ಸರಕು ಬದಲಾಗುವುದಿಲ್ಲವಲ್ಲ.

ಫೋಲ್ಡರುಗಳ ಹೊರಗೆ, ಡಿಸ್ಕಿನ ಮೊದಲ ಪುಟದಲ್ಲೇ ಡೈಕಾಮ್‌ಡಿರ್ ಎಂಬ ಒಂದು ಫೈಲ್ ಇರುತ್ತದೆ. ಡೈಕಾಮ್ ಎಂಬ ಹೆಸರಿಗೆ ಡಿ, ಐ, ಆರ್ ಎಂಬ ಮೂರು ಅಕ್ಷರ ಅಂಟಿಕೊಂಡಿರುವುದನ್ನು ನೋಡಿ ಗುರುತಿಸಬಹುದು. ಇದು ಪುಸ್ತಕದ ಪರಿವಿಡಿ ಇದ್ದ ಹಾಗೆ. ಯಾವ ರೋಗಿ, ಯಾವ ಪರೀಕ್ಷೆ, ಯಾವ ಸೀರೀಸ್ (ಒಂದೇ ಬಗೆಯಲ್ಲಿ ತೆಗೆದ ಚಿತ್ರಗಳ ಸರಣಿ), ಅದರ ಚಿತ್ರ ಯಾವ ಫೋಲ್ಡರಿನಲ್ಲಿದೆ ಎಂಬುದೆಲ್ಲ ಇದರಲ್ಲಿದೆ. ಆದ್ದರಿಂದ ಒಂದೆರಡು ಫೋಲ್ಡರ್ ಮಾತ್ರ ನಕಲು ಮಾಡಿಕೊಳ್ಳುವುದು, ಫೈಲುಗಳ ಹೆಸರು ತಿದ್ದುವುದು ಬೇಡ. ಹಾಗೆ ಮಾಡಿದರೆ ಪರಿವಿಡಿ ಒಂದು ಹೇಳುತ್ತದೆ, ಪುಟಗಳು ಇನ್ನೆಲ್ಲೋ ಇರುತ್ತವೆ.

ಮೊದಲ ಕೆಲಸ, ಡಿಸ್ಕಿನಲ್ಲಿರುವ ಎಲ್ಲವನ್ನೂ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಒಂದು ಹೊಸ ಫೋಲ್ಡರ್ ಮಾಡಿ ನಕಲು ಮಾಡಿಕೊಳ್ಳುವುದು. ಡಿಸ್ಕಿನಿಂದಲೇ ನೋಡಹೊರಟರೆ ಒಂದೊಂದು ಚಿತ್ರಕ್ಕೂ ಡ್ರೈವ್ ಗಿರಗಿರ ತಿರುಗಬೇಕು. ಪ್ರೋಗ್ರಾಂ ನಿಂತೇಹೋಯಿತೇನೋ ಅನ್ನಿಸುವಷ್ಟು ನಿಧಾನ. ಜಾಗದ ಚಿಂತೆ ಬೇಡ: ಸಿ.ಟಿ.ಯ ಒಂದು ಚಿತ್ರ ಸಾಮಾನ್ಯವಾಗಿ 512 ಅಡ್ಡ 512 ಪಿಕ್ಸೆಲ್, ಪಿಕ್ಸೆಲಿಗೆ 2 ಬೈಟ್, ಅಂದರೆ ಅರ್ಧ ಎಂ.ಬಿ. 600 ಚಿತ್ರಗಳಿದ್ದರೂ 300 ಎಂ.ಬಿ. ಅಷ್ಟೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಡ್ರೈವ್ ಇರುವುದೇ ಅಪರೂಪ, ಯು.ಎಸ್.ಬಿ. ಡ್ರೈವ್ ಬೇಕಾಗುತ್ತದೆ. ಅದನ್ನು ವಿದ್ಯುತ್ ಸಂಪರ್ಕವಿಲ್ಲದ ಯು.ಎಸ್.ಬಿ. ಹಬ್‌ಗೆ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆಗೆ) ಚುಚ್ಚಬೇಡಿ. ಡಿಸ್ಕ್ ವೇಗ ಹಿಡಿಯುವ ಹೊತ್ತಿಗೆ ಕರೆಂಟ್ ಸಾಲದೆ ಟಿಕ್ ಟಿಕ್ ಎಂದು ನಿಂತುಬಿಡುತ್ತದೆ. ಜನ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೇ ಹಾಕಿ.

ನಕಲು ಅರ್ಧದಲ್ಲಿ ನಿಂತು "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಎಂಬ ದೋಷ ತೋರಿಸಿದರೆ ಡಿಸ್ಕಿನ ಆ ಭಾಗ ಓದಲಾಗುತ್ತಿಲ್ಲ ಎಂದರ್ಥ. ಮೆತ್ತನೆಯ ಒಣಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಮಾಹಿತಿ ಸುರುಳಿಯಾಗಿ ಬರೆದಿರುವುದರಿಂದ ಅಡ್ಡಗೀರು ಬಿದ್ದರೆ ಡ್ರೈವ್ ಲೆಕ್ಕಹಾಕಿ ಸರಿಪಡಿಸಿಕೊಳ್ಳುತ್ತದೆ, ಸುರುಳಿಯ ಗುಂಟ ಬಿದ್ದ ಗೀರನ್ನು ಸರಿಪಡಿಸಲಾರದು. ಇನ್ನೊಂದು ಡ್ರೈವಿನಲ್ಲೂ ಪ್ರಯತ್ನಿಸಿ. ಅಲ್ಲೂ ಆಗದಿದ್ದರೆ ತಡಮಾಡದೆ ಸ್ಕ್ಯಾನ್ ಕೇಂದ್ರದಿಂದ ಇನ್ನೊಂದು ಪ್ರತಿ ಕೇಳಿ. ಅಲ್ಲಿನ ಸರ್ವರಿನಲ್ಲೂ ಚಿತ್ರಗಳು ಎಂದೆಂದಿಗೂ ಉಳಿದಿರುವುದಿಲ್ಲ.

ಡಿಸ್ಕಿನಲ್ಲಿ ಚಿತ್ರ ನೋಡುವ ಒಂದು ವ್ಯೂವರ್ ಪ್ರೋಗ್ರಾಂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನೇ ನಂಬಿ ಕೂರುವುದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ಎಂದೋ ಬರೆದ ಪ್ರೋಗ್ರಾಂ ಇರಬಹುದು, ಈಗಿನ ವಿಂಡೋಸ್‌ನಲ್ಲಿ ಇಲ್ಲದ ಜಾವಾ ಎಂಬ ಪೂರಕ ತಂತ್ರಾಂಶದ ಹಳೆಯ ಆವೃತ್ತಿಯನ್ನು ಬೇಡಬಹುದು. ಗೊತ್ತಿಲ್ಲದ ಇ.ಎಕ್ಸ್.ಇ. ಫೈಲ್ ಎಂದು ಆ್ಯಂಟಿವೈರಸ್ ತಡೆಯಬಹುದು. ಮ್ಯಾಕ್‌ನಲ್ಲಂತೂ ಅದು ಸಾಮಾನ್ಯವಾಗಿ ಓಡುವುದೇ ಇಲ್ಲ. ಅದರ ಬದಲು ನಿಮ್ಮದೇ ಒಂದು ವ್ಯೂವರ್ ಹಾಕಿಟ್ಟುಕೊಳ್ಳಿ. ವಿಂಡೋಸ್‌ಗೆ ಮೈಕ್ರೋಡೈಕಾಮ್ ಇದೆ, ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ. ರೇಡಿಯಂಟ್ ಇನ್ನೂ ಚುರುಕು, ಆದರೆ ಪ್ರಯೋಗದ ಅವಧಿ ಮುಗಿದ ಮೇಲೆ ಹಣ ಕೊಡಬೇಕು. ಮ್ಯಾಕ್‌ಗೆ ಹೋರೋಸ್ ಇದೆ. ವೀಸಿಸ್ ಎಂಬುದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಉಚಿತ. ಯಾವುದನ್ನೇ ಆಗಲಿ ಅದನ್ನು ತಯಾರಿಸಿದವರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ವ್ಯೂವರ್ ತೆರೆದು, ಫೋಲ್ಡರ್ ತೆರೆಯುವ ಆಯ್ಕೆಗೆ ಹೋಗಿ, ನಕಲು ಮಾಡಿಟ್ಟ ಫೋಲ್ಡರ್ ತೋರಿಸಿದರೆ ಸಾಕು. ಎಡಬದಿಯಲ್ಲಿ ಸೀರೀಸುಗಳ ಪಟ್ಟಿ ಬರುತ್ತದೆ. ಪಟ್ಟಿ ಬಂದೂ ಚಿತ್ರ ಮಾತ್ರ ಕಪ್ಪಾಗಿಯೇ ಇದ್ದರೆ, ಚಿತ್ರಗಳನ್ನು ಆ ವ್ಯೂವರಿಗೆ ಬಿಚ್ಚಲಾಗದ ಬಗೆಯಲ್ಲಿ ಕುಗ್ಗಿಸಿಟ್ಟಿರಬಹುದು. ಬೇರೊಂದು ವ್ಯೂವರಿನಲ್ಲಿ ತೆರೆದು ನೋಡಿ.

ಚಿತ್ರ ಬಂದ ಕೂಡಲೇ ಮೊದಲು ನೋಡಬೇಕಾದದ್ದು ರೋಗವನ್ನಲ್ಲ, ಮೂಲೆಯಲ್ಲಿರುವ ಹೆಸರು, ವಯಸ್ಸು, ದಿನಾಂಕವನ್ನು. ಡಿಸ್ಕ್ ಅದಲುಬದಲಾಗುವುದುಂಟು. ಆಮೇಲೆ ಸೀರೀಸಿನ ಪಟ್ಟಿ. ಸಿ.ಟಿ.ಯಲ್ಲಿ ಮೊದಲು ಕಾಣುವುದು ಎಕ್ಸ್‌ರೇಯಂಥ ಒಂದೆರಡು ಚಿತ್ರ. ಅದನ್ನು ಸ್ಕೌಟ್ ಅಥವಾ ಟೋಪೋಗ್ರಾಮ್ ಎನ್ನುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ ಸ್ಕ್ಯಾನ್ ಮಾಡಬೇಕು ಎಂದು ಗೆರೆ ಎಳೆದುಕೊಳ್ಳಲು ತೆಗೆದದ್ದು ಅದು. "ಇಷ್ಟೇನಾ?" ಎಂದು ಅಲ್ಲಿಗೇ ಮುಚ್ಚುವವರಿದ್ದಾರೆ. ಇನ್ನೊಂದು ಸೀರೀಸಿನಲ್ಲಿ ಬರೀ ಅಂಕಿಗಳ ಪುಟವಿದ್ದರೆ ಅದು ವಿಕಿರಣದ ಪ್ರಮಾಣದ ಲೆಕ್ಕ. ನಿಜವಾದ ಚಿತ್ರಗಳು ಹೆಚ್ಚು ಚಿತ್ರಗಳಿರುವ ಸೀರೀಸುಗಳಲ್ಲಿರುತ್ತವೆ, ಮೌಸಿನ ಚಕ್ರ ತಿರುಗಿಸಿದರೆ ಒಂದೊಂದಾಗಿ ಸರಿಯುತ್ತವೆ. ವರದಿಯಲ್ಲಿ "ಸೀರೀಸ್ 4, ಇಮೇಜ್ 87" ಎಂಬಂತೆ ಬರೆದಿದ್ದರೆ ನೇರವಾಗಿ ಅಲ್ಲಿಗೇ ಹೋಗಬಹುದು.

ಬೆಳಕು-ಕತ್ತಲೆಯ ಹದ ಎಂದೆನಲ್ಲ, ಮನೆಯಲ್ಲಿ ನೋಡುವವರು ಎಡವುವುದು ಹೆಚ್ಚಾಗಿ ಅಲ್ಲೇ. ಸಿ.ಟಿ.ಯ ಪ್ರತಿ ಪಿಕ್ಸೆಲ್ ಒಂದು ಅಂಕಿ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಗಟ್ಟಿ ಮೂಳೆಗೆ 1000ವೋ ಅದಕ್ಕೂ ಹೆಚ್ಚೋ. ಇದಕ್ಕೆ ಹೌನ್ಸ್‌ಫೀಲ್ಡ್ ಅಳತೆ ಎಂದು ಹೆಸರು. ಇಷ್ಟೆಲ್ಲ ಅಂಕಿಗಳನ್ನು ಮಾಮೂಲಿ ಮಾನಿಟರಿನ 256 ಬೂದು ಛಾಯೆಗಳಲ್ಲಿ ಒಟ್ಟಿಗೆ ತುರುಕಿದರೆ ಎಲ್ಲವೂ ಮಸುಕು. ಹಾಗಾಗಿ ಬೇಕಾದ ತುಣುಕನ್ನು ಮಾತ್ರ ಹಿಗ್ಗಿಸಿ ತೋರಿಸುತ್ತಾರೆ. ಆ ತುಣುಕೇ ವಿಂಡೋ. ಹೊಟ್ಟೆಯ ಭಾಗಕ್ಕೆ ಅಗಲ 400, ನಡುಬಿಂದು 40 ಎಂದಿಟ್ಟರೆ ಮೈನಸ್ 160ರಿಂದ 240ರವರೆಗಿನದು ಮಾತ್ರ ಬೂದಿನಲ್ಲಿ ಕಾಣುತ್ತದೆ, ಅದಕ್ಕಿಂತ ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ. ಅದೇ ವಿಂಡೋದಲ್ಲಿ ಶ್ವಾಸಕೋಶ ನೋಡಿದರೆ ಎರಡು ಕಪ್ಪು ಗುಂಡಿಗಳಷ್ಟೇ. ಅಗಲ 1500, ನಡುಬಿಂದು ಮೈನಸ್ 600 ಮಾಡಿ ನೋಡಿ, ಒಳಗಿನ ರಕ್ತನಾಳಗಳ ಕವಲುಗಳೆಲ್ಲ ಎದ್ದು ಬರುತ್ತವೆ. ಮಿದುಳಿಗೆ ಅಗಲ 80, ನಡುಬಿಂದು 40. ಮೂಳೆಗೆ ಅಗಲ 2000, ನಡುಬಿಂದು 500ರ ಸುಮಾರು. ಬಹುತೇಕ ವ್ಯೂವರುಗಳಲ್ಲಿ ಲಂಗ್, ಬ್ರೇನ್, ಬೋನ್ ಎಂದು ಸಿದ್ಧ ಆಯ್ಕೆಗಳೇ ಇರುತ್ತವೆ. ಕೈಯಾರೆ ಮಾಡುವುದಾದರೆ ಮೌಸಿನ ಒಂದು ಗುಂಡಿ ಒತ್ತಿಹಿಡಿದು ಎಳೆಯುವುದು. ಎಂ.ಆರ್.ಐ.ಗೆ ಹೀಗೆ ಗೊತ್ತಾದ ಅಂಕಿಗಳಿಲ್ಲ, ಕಣ್ಣಿಗೆ ಹಿತವಾಗುವವರೆಗೆ ಎಳೆದುಕೊಳ್ಳಬೇಕು.

ಎಡ-ಬಲದ ಗೊಂದಲ ಇನ್ನೊಂದು. ಅಡ್ಡಸೀಳಿನ ಚಿತ್ರವನ್ನು ಮಲಗಿದ ರೋಗಿಯ ಕಾಲ ಬುಡದಲ್ಲಿ ನಿಂತು ನೋಡಿದಂತೆ ತೋರಿಸುವುದು ಪದ್ಧತಿ. ಆದ್ದರಿಂದ ಪರದೆಯ ಎಡಗಡೆ ಇರುವುದು ರೋಗಿಯ ಬಲಭಾಗ. ಯಕೃತ್ತು ಎಡಕ್ಕೆ ಕಂಡರೆ ಗಾಬರಿಯಾಗಬೇಕಿಲ್ಲ. ಅಂಚಿನಲ್ಲಿ ಆರ್ ಅಥವಾ ಎಲ್ ಅಕ್ಷರ ಇರುತ್ತದೆ, ಅದನ್ನು ನೋಡಿಯೇ ಮಾತಾಡಿ.

ಗಾಬರಿ ಹುಟ್ಟಿಸುವ ಸಹಜ ಸಂಗತಿಗಳು ಇನ್ನೂ ಇವೆ. ಶ್ವಾಸಕೋಶದ ಒಂದೇ ಚಿತ್ರ ನೋಡಿದರೆ ಅಡ್ಡಕ್ಕೆ ಸೀಳಿದ ರಕ್ತನಾಳವೂ ಗಂಟಿನಂತೆ ದುಂಡಗೆ ಕಾಣುತ್ತದೆ. ಮೇಲೆ ಕೆಳಗೆ ಸರಿಸಿದಾಗ ಅದು ಮುಂದಿನ ಚಿತ್ರಗಳಲ್ಲೂ ಉದ್ದಕ್ಕೆ ಸಾಗುತ್ತದೆಯೇ ಎಂಬುದು ನೋಡಬೇಕಾದ ಅಂಶ. ಕಾಂಟ್ರಾಸ್ಟ್ ಔಷಧ ಕೊಟ್ಟ ಮೇಲಿನ ಸೀರೀಸಿನಲ್ಲಿ ರಕ್ತನಾಳ, ಮೂತ್ರಪಿಂಡಗಳು ಬೆಳ್ಳಗೆ ಹೊಳೆಯುತ್ತವೆ. ಹಲ್ಲಿನ ಲೋಹದಿಂದ ಬಾಯಿಯ ಸುತ್ತ ಗೀರುಗಳು ಚಿಮ್ಮುತ್ತವೆ. ಎಂ.ಆರ್.ಐ.ಯ ಟಿ1 ಎಂಬ ಸೀರೀಸಿನಲ್ಲಿ ಕಪ್ಪಗಿದ್ದ ನೀರು ಟಿ2 ಎಂಬ ಸೀರೀಸಿನಲ್ಲಿ ಬೆಳ್ಳಗಾಗುತ್ತದೆ. ಫ್ಲೇರ್ ಎಂಬ ಸೀರೀಸಿನಲ್ಲಿ ಮಿದುಳಿನ ಸುತ್ತಲಿನ ಅದೇ ದ್ರವ ಮತ್ತೆ ಕಪ್ಪು. ರೋಗ ಯಾವುದೆಂದು ಹೇಳುವುದು ರೇಡಿಯಾಲಜಿಸ್ಟರ ಕೆಲಸ. ಮನೆಯ ಮಾನಿಟರ್ ಅದಕ್ಕಾಗಿ ಮಾಡಿದ್ದೂ ಅಲ್ಲ. ಮೊದಲು ವರದಿ ಓದಿ, ಅದರಲ್ಲಿ ಹೇಳಿದ್ದನ್ನು ಚಿತ್ರದಲ್ಲಿ ಗುರುತಿಸಿ, ಕೇಳಬೇಕಾದ ಪ್ರಶ್ನೆ ಬರೆದುಕೊಂಡು ವೈದ್ಯರ ಬಳಿ ಹೋದರೆ ಅಷ್ಟು ಸಾಕು. ಸ್ಕೇಲ್ ಹಿಡಿದು ಅಳೆಯುವ ಸೌಲಭ್ಯ ವ್ಯೂವರಿನಲ್ಲಿದೆ ನಿಜ, ಸಿ.ಟಿ., ಎಂ.ಆರ್.ಐ.ಗಳಲ್ಲಿ ಸರಿಯಾದ ಮಿಲಿಮೀಟರನ್ನೇ ಕೊಡುತ್ತದೆ. ಎಕ್ಸ್‌ರೇಯಲ್ಲಿ ಹಾಗಲ್ಲ: ಅಂಗ ಡಿಟೆಕ್ಟರಿನಿಂದ (ಚಿತ್ರ ಹಿಡಿಯುವ ಫಲಕದಿಂದ) ದೂರವಿದ್ದಷ್ಟೂ ನೆರಳು ದೊಡ್ಡದಾಗುವುದರಿಂದ ಅಳತೆ ನಿಜಕ್ಕಿಂತ ಹೆಚ್ಚು ಬರುತ್ತದೆ.

ವೈದ್ಯರಿಗೆ ಕಳಿಸುವಾಗ ಪರದೆಯ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕುವ ಅಭ್ಯಾಸ ಬಿಡಬೇಕು. ಅದು ಮೊದಲೇ ಒಂದೇ ವಿಂಡೋದ ಚಿತ್ರ, ಅದನ್ನು ವಾಟ್ಸ್ಆ್ಯಪ್ ಇನ್ನಷ್ಟು ಕುಗ್ಗಿಸುತ್ತದೆ. ಅಳತೆಯಂತೂ ಸಂಪೂರ್ಣ ಹೋಯಿತು. ಇಡೀ ಫೋಲ್ಡರನ್ನು ಡೈಕಾಮ್‌ಡಿರ್ ಸಮೇತ ಜಿಪ್ ಮಾಡಿ, ಪಾಸ್‌ವರ್ಡ್ ಹಾಕಿ, ಕ್ಲೌಡ್ ಕೊಂಡಿ ಕಳಿಸಿ. ಪಾಸ್‌ವರ್ಡ್ ಬೇರೆ ಸಂದೇಶದಲ್ಲಿ ಹೋಗಲಿ. ಬ್ರೌಸರಿನಲ್ಲೇ ಚಿತ್ರ ತೋರಿಸುವ ತಾಣಗಳೂ ಇವೆ. ಕೆಲವು ಫೈಲನ್ನು ನಿಮ್ಮ ಕಂಪ್ಯೂಟರಿನಲ್ಲೇ ಓದುತ್ತವೆ, ಕೆಲವು ತಮ್ಮ ಸರ್ವರಿಗೆ ಏರಿಸಿಕೊಳ್ಳುತ್ತವೆ. ಯಾವುದೆಂದು ಓದಿಕೊಂಡೇ ಮುಂದುವರಿಯಿರಿ. ಹೆಸರು ತೆಗೆದುಹಾಕುವ ಸೌಲಭ್ಯ ಬಳಸಿದರೂ, ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಹೆಸರು ಚಿತ್ರದೊಳಗೇ ಅಚ್ಚಾಗಿರುವುದುಂಟು, ಅದು ಹೋಗುವುದಿಲ್ಲ.

ಡಿಸ್ಕಿನ ಜೋಪಾನದ ಬಗ್ಗೆ ಒಂದು ಮಾತು. ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಹೊಳೆಯುವ ಕೆಳಬದಿಗಲ್ಲ, ಹೆಸರು ಬರೆಯುವ ಮೇಲುಬದಿಗೆ ತೀರಾ ಹತ್ತಿರ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಚಿತ್ರಗಳ ಮೇಲೇ ಗೀರು ಎಳೆದಂತೆ. ವರದಿಯ ಹಾಳೆಗೂ ಡಿಸ್ಕಿನ ಕವರಿಗೂ ಸೇರಿಸಿ ಸ್ಟೇಪ್ಲರ್ ಹೊಡೆದು ಕೊಡುವ ಸಿಬ್ಬಂದಿ ಇದನ್ನು ಗಮನಿಸಬೇಕು: ಆ ಪಿನ್ನಿನ ಮೊನೆ ಡಿಸ್ಕಿಗೇ ತಾಗುತ್ತಿರುತ್ತದೆ. ಬಿಸಿಲು ಬೀಳುವಲ್ಲಿ ಇಟ್ಟರೆ ಒಳಗೆ ಮಾಹಿತಿ ಬರೆದಿರುವ ಬಣ್ಣದ ಪದರ ಕಾಲಕ್ರಮೇಣ ಮಾಸುತ್ತದೆ. ಹಾರ್ಡ್ ಡಿಸ್ಕಿನ ನಕಲಿನ ಜೊತೆಗೆ ಪೆನ್‌ಡ್ರೈವಿನಲ್ಲೋ ಬೇರೆಡೆಯೋ ಇನ್ನೊಂದು ಪ್ರತಿ ಇರಲಿ.

ಈಗ ಸ್ಕ್ಯಾನ್ ಕೇಂದ್ರಗಳಿಗೆ. ಬರೆದ ಡಿಸ್ಕನ್ನು ಫೈನಲೈಸ್ ಮಾಡಿ (ಬೇರೆ ಡ್ರೈವುಗಳೂ ಓದುವಂತೆ ಬರಹ ಮುಗಿಸಿ), ಬರೆದ ಯಂತ್ರದಲ್ಲಲ್ಲದೆ ಬೇರೊಂದು ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ ಕೊಡಿ. ಬರೀ ಜೆಪೆಗ್ ಚಿತ್ರಗಳನ್ನು ತುಂಬಿ ಡಿಸ್ಕ್ ಎಂದು ಕೊಡಬೇಡಿ, ಅದರಲ್ಲಿ ವಿಂಡೋ ಬದಲಿಸಲಾಗದು. 5 ಮಿ.ಮೀ. ದಪ್ಪದ ಸ್ಲೈಸುಗಳನ್ನು ಮಾತ್ರ ಹಾಕಿದರೆ ಇನ್ನೊಬ್ಬ ವೈದ್ಯರು ಅಡ್ಡಸೀಳನ್ನು ಉದ್ದಸೀಳಾಗಿ ಜೋಡಿಸಿ ನೋಡುವಾಗ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ, 1 ಮಿ.ಮೀ. ಸುಮಾರಿನ ತೆಳು ಸ್ಲೈಸುಗಳೂ ಇರಲಿ. ಒಂದು ಸಿ.ಡಿ.ಗೆ ಹಿಡಿಸದಿದ್ದರೆ ಡಿ.ವಿ.ಡಿ. ಇದೆ, 4.7 ಜಿ.ಬಿ. ಹಿಡಿಯುತ್ತದೆ. ಡಿಸ್ಕಿನ ಬದಲು ಕೊಂಡಿ ಕಳಿಸುವವರು ಅದು ಯಾವ ದಿನ ರದ್ದಾಗುತ್ತದೆ ಎಂಬುದನ್ನು ಅದರಲ್ಲೇ ಬರೆಯಿರಿ, ಡೈಕಾಮ್ ರೂಪದಲ್ಲೇ ಇಳಿಸಿಕೊಳ್ಳಲು ಅವಕಾಶ ಕೊಡಿ. ಪಾಸ್‌ವರ್ಡ್ ಹಾಕಿದ ಡಿಸ್ಕಾದರೆ ಆ ಪಾಸ್‌ವರ್ಡ್ ಏನು, ಚಿತ್ರಗಳನ್ನು ನಿಮ್ಮಲ್ಲಿ ಎಷ್ಟು ಕಾಲ ಇಟ್ಟಿರುತ್ತೀರಿ, ಯಾವ ವ್ಯೂವರಿನಲ್ಲಿ ತೆರೆಯಬೇಕು ಎಂಬ ಮೂರು ಸಾಲನ್ನು ಕವರಿನ ಮೇಲೆ ರೋಗಿಗೆ ಓದಲು ಬರುವ ಭಾಷೆಯಲ್ಲಿ ಅಚ್ಚುಹಾಕಿ ಕೊಡಿ.

ಇಂತಿ,
ಒಬ್ಬ ರೇಡಿಯಾಲಜಿ ತಂತ್ರಜ್ಞ