‘ಇನ್ನೂ ಬೇಡ’ ಅಂದ ನಿಮ್ಮೆಲ್ಲರಿಗೆ

ನಿನ್ನೆ ಬೆಳಿಗ್ಗೆ ನನ್ನ ಕುದುರೆ ಕಸ್ತೂರಿಯನ್ನು ದೊಡ್ಡ ಬಯಲಿಗೆ ಬಿಟ್ಟೆವು. 13 ತಿಂಗಳ ಮೇಲೆ, ಹಗ್ಗವಿಲ್ಲದೆ, ಕಾಲಿಗೆ ಬ್ಯಾಂಡೇಜಿಲ್ಲದೆ. ಗೇಟು ದಾಟಿದ ಕೂಡಲೇ ಕಾಲು ಕಿತ್ತುಕೊಂಡು ಓಡಿಯಾಳು ಎಂದು ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಅವಳು ಓಡಲಿಲ್ಲ. ನಾಲ್ಕು ಹೆಜ್ಜೆ ನಡೆದಳು, ನೆಲ ಮೂಸಿದಳು, ಮುಂಗಾಲು ಮಡಚಿ ಧೊಪ್ಪನೆ ಮಲಗಿ ಮಣ್ಣಿನಲ್ಲಿ ಹೊರಳಾಡಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ. ಆಮೇಲೆ ಮುಂಗಾಲೆರಡನ್ನೂ ಚಾಚಿ, ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಿ ಎದ್ದು ನಿಂತಳು. ನಾನು ನೋಡಿದ್ದು ಆ ಬಲಗಾಲನ್ನು ಮಾತ್ರ. ಎದ್ದು ಮೈಕೊಡವಿದಾಗ ಹಾರಿದ ಧೂಳಿನಲ್ಲಿ ಮುಂದಿನದೇನೂ ನನಗೆ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು.

ಆ ಬೆಳಗಿಗೆ ಕಾರಣರಾದವರಿಗೆ ಈ ಬರಹ. ಒಬ್ಬೊಬ್ಬರಿಗೂ ಮುಖ ನೋಡಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಸ್ವಲ್ಪ ಹೇಳಬೇಕು. ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಗೆ ನಮ್ಮ ಮೀನಖಂಡದಂಥ ಮಾಂಸವಿಲ್ಲ. ಮೂಳೆ, ಸ್ನಾಯುರಜ್ಜು, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಎಂಬ ಗಟ್ಟಿ ಪಟ್ಟಿ, ಮೇಲೆ ಚರ್ಮ. ಆ ಉದ್ದ ಮೂಳೆಯ ಹಿಂಬದಿಗೆ ಒತ್ತಿಕೊಂಡು ಸಸ್ಪೆನ್ಸರಿ ಲಿಗಮೆಂಟ್ ಇಳಿದು ಬರುತ್ತದೆ. ಗೆಣ್ಣಿಗಿಂತ, ಅಂದರೆ ಗೊರಸಿನ ಮೇಲ್ಗಡೆಯ ದಪ್ಪ ಕೀಲಿಗಿಂತ, ಸ್ವಲ್ಪ ಮೇಲೆ ಎರಡು ಕವಲಾಗಿ, ಗೆಣ್ಣಿನ ಹಿಂದಿರುವ ಎರಡು ಪುಟ್ಟ ಮೂಳೆಗಳನ್ನು ಹಿಡಿದುಕೊಳ್ಳುತ್ತದೆ. ಹೆಜ್ಜೆ ಊರಿದಾಗ ಗೆಣ್ಣು ನೆಲದ ಕಡೆಗೆ ಬಾಗುತ್ತದಲ್ಲ, ಅದು ಕುಸಿದುಹೋಗದಂತೆ ಜೋಳಿಗೆಯ ಹಾಗೆ ತೂಗಿ ಹಿಡಿಯುವುದು ಇದೇ. ಕುದುರೆ ಸುಮ್ಮನೆ ನಿಂತಾಗಲೂ ಮೈಭಾರದ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲೇ ಇರುತ್ತದೆ. ಕಸ್ತೂರಿಗೆ ಏಟಾದದ್ದು ಬಲ ಮುಂಗಾಲಿನಲ್ಲಿ, ಒಳಬದಿಯ ಕವಲಿಗೆ.

ಶುರುವಾದದ್ದು ಒಂದು ಸಣ್ಣ ಊತದಿಂದ. ಸಂಜೆ ಲಾಯಕ್ಕೆ ಬಂದಾಗ ಗೆಣ್ಣಿನ ಮೇಲೆ ಹೆಬ್ಬೆರಳಿನಷ್ಟು ಉಬ್ಬಿತ್ತು. ಮೊದಲು ನೋಡಿದವರು ಬರಿಯ ಉಳುಕು, ಹತ್ತು ದಿನ ಬಿಡಿ ಸಾಕು ಅಂದರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅದನ್ನೇ ಕೇಳಬೇಕೆಂದು ನಾನು ಕಾದಿದ್ದೆ, ಕೇಳಿದ ತಕ್ಷಣ ನಂಬಿದೆ. ಹನ್ನೊಂದನೆಯ ದಿನ ಜೀನು ಹಾಕಿದೆ. ಟ್ರಾಟ್‌ನಲ್ಲಿ ಅಂದರೆ ನಡಿಗೆಗಿಂತ ವೇಗದ ಓಟದಲ್ಲಿ, ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅವಳ ತಲೆಯೇ ಎಲ್ಲವನ್ನೂ ಹೇಳಿತು. ಬಲಗಾಲು ಊರಿದಾಗಲೆಲ್ಲ ಮೇಲೆತ್ತುತ್ತಿದ್ದಳು, ಎಡಗಾಲು ಊರಿದಾಗ ತಗ್ಗಿಸುತ್ತಿದ್ದಳು. ನೋವಿನ ಕಾಲಿನ ಮೇಲೆ ಭಾರ ಬೀಳದಿರಲಿ ಎಂದು ಕುದುರೆ ಮಾಡುವುದೇ ಹೀಗೆ.

ಡಾಕ್ಟರ್, ಮೊದಲ ಕೃತಜ್ಞತೆ ನಿಮಗೆ. ನೀವು ಅಲ್ಟ್ರಾಸೌಂಡ್ ಯಂತ್ರ ತಂದು, ಕಾಲಿನ ಕೂದಲು ಬೋಳಿಸಿ, ಜೆಲ್ ಹಚ್ಚಿ, ಮೊದಲು ಸರಿಯಾಗಿದ್ದ ಎಡಗಾಲನ್ನು ತೋರಿಸಿದಿರಿ. ಬೂದು ಬಣ್ಣದ ನಾರುಗಳು ಬಾಚಿದ ಕೂದಲಿನ ಹಾಗೆ ಒತ್ತೊತ್ತಾಗಿ ಸಾಲುಗಟ್ಟಿದ್ದವು. ಆಮೇಲೆ ಬಲಗಾಲು. ಅದೇ ಬೂದು ಬಣ್ಣದ ನಡುವೆ ಕಪ್ಪು ಕುಳಿ. ನೀವು ಏನೂ ಹೇಳದೆ ಪರದೆಯ ಮೇಲೆ ಅದರ ಅಂಚನ್ನು ಬೆರಳಿನಿಂದ ಸುತ್ತಿ ತೋರಿಸಿದಿರಿ. ‘ಒಂದು ವರ್ಷ ಅಂತ ಇಟ್ಕೊಳ್ಳಿ. ಕಡಿಮೆ ಆದರೆ ಖುಷಿ ಪಡೋಣ’ ಅಂದಿರಿ. ಆ ಕ್ಷಣಕ್ಕೆ ಕಾಲ ಕೆಳಗಿನ ನೆಲ ಸರಿದ ಹಾಗಾಯಿತು. ಈಗ ಅನಿಸುತ್ತದೆ, ಆರು ವಾರ ಅಂತ ಸಮಾಧಾನ ಹೇಳಿದ್ದರೆ ಏಳನೆಯ ವಾರಕ್ಕೆ ನಾನೇ ಅವಳ ಕಾಲು ಮುರಿಯುತ್ತಿದ್ದೆ.

ಅವಳದೇ ರಕ್ತ ತೆಗೆದು, ಅದರಿಂದ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗ ಬೇರ್ಪಡಿಸಿ, ಸ್ಕ್ಯಾನ್ ನೋಡುತ್ತಲೇ ಆ ಕುಳಿಯೊಳಗೆ ಚುಚ್ಚಿದಿರಿ. ‘ಇದರಿಂದ ಸಹಾಯ ಆಗಬಹುದು, ಗ್ಯಾರಂಟಿ ಕೊಡಲ್ಲ. ನಿಜವಾದ ಔಷಧ ನಿಮ್ಮ ಕೈಯಲ್ಲಿರೋ ಹಗ್ಗ’ ಎಂದೂ ಸೇರಿಸಿದಿರಿ. ಹಗ್ಗ ಅಂದರೆ ಕೈಯಲ್ಲಿ ಹಿಡಿದು ನಡೆಸುವುದು.

ಈ ಹಗ್ಗದ ಅರ್ಥ ತಿಳಿಯಲು ನನಗೆ ತಿಂಗಳುಗಳೇ ಹಿಡಿದವು. ಲಿಗಮೆಂಟಿಗೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಕೂಡುವುದು ನಿಧಾನ. ಗಾಯವನ್ನು ಮೊದಲು ತುಂಬುವುದು ಟೈಪ್ 3 ಕೊಲಾಜನ್ ಎಂಬ ತೆಳು ನಾರು, ಅದೂ ಅಡ್ಡಾದಿಡ್ಡಿಯಾಗಿ, ಸಿಕ್ಕುಬಿದ್ದ ನೂಲಿನ ಹಾಗೆ. ಗಟ್ಟಿಯಾದ ಟೈಪ್ 1 ಬಂದು ಅದರ ಜಾಗ ಹಿಡಿಯಲು ತಿಂಗಳುಗಟ್ಟಲೆ ಬೇಕು. ಆ ನಾರುಗಳು ಎಳೆತದ ದಿಕ್ಕಿಗೆ ಸಾಲಾಗಿ ಕೂರಬೇಕಾದರೆ ಅಳತೆಯ ಎಳೆತ ಬೇಕು. ಪೂರ್ತಿ ಕಟ್ಟಿಹಾಕಿದರೆ ಸಿಕ್ಕು ಸಿಕ್ಕಾಗಿಯೇ ಉಳಿಯುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ಕುಂಟು ಮಾತ್ರ ಇದಕ್ಕೆಲ್ಲ ಕಾಯುವುದಿಲ್ಲ, ಬಹಳ ಬೇಗ ಮಾಯವಾಗುತ್ತದೆ. ಆರನೆಯ ವಾರಕ್ಕೆ ಕಸ್ತೂರಿ ನೆಟ್ಟಗೆ ನಡೆಯುತ್ತಿದ್ದಳು. ಕುಣಿಯುತ್ತಿದ್ದಳು ಕೂಡ. ‘ನೋಡಿ, ಸರಿಹೋದಳು’ ಎಂದು ನಾನು ನಿಮಗೆ ವಿಡಿಯೋ ಕಳಿಸಿದೆ. ನಿಮ್ಮ ಉತ್ತರ ಎರಡೇ ಪದ: ‘ಇನ್ನೂ ಬೇಡ.’

ಆಮೇಲೆ ಆ ಎರಡು ಪದಗಳನ್ನು ಎಷ್ಟು ಜನರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ! ಪ್ರತಿ ಸಲವೂ ಬೇಜಾರಾಗಿದೆ. ಪ್ರತಿ ಸಲವೂ ಅವರು ಸರಿ ಇದ್ದರು.

ಲಾಯ ನೋಡಿಕೊಳ್ಳುವ ಅಣ್ಣ, ನಿಮ್ಮ ಬಗ್ಗೆ ಎಲ್ಲಿಂದ ಶುರು ಮಾಡಲಿ? ಮೊದಲ ದಿನಗಳಲ್ಲಿ ದಿನಕ್ಕೆ ಮೂರು ಸಲ, ಸಲಕ್ಕೆ 20 ನಿಮಿಷ ಕಾಲಿಗೆ ತಣ್ಣೀರು ಬಿಡಬೇಕಿತ್ತು. ನಾನು ಇಲ್ಲದ ಮಧ್ಯಾಹ್ನಗಳಲ್ಲಿ ನೀವು ಪೈಪು ಹಿಡಿದು ಕೂತಿರಿ. ಬ್ಯಾಂಡೇಜು ಬರೀ ಪೆಟ್ಟಾದ ಕಾಲಿಗೆ ಸಾಲದು, ಭಾರ ಹೊರುವ ಇನ್ನೊಂದು ಕಾಲಿಗೂ ಬೇಕು ಎಂದು ನನ್ನ ಕೈ ಹಿಡಿದು ಸುತ್ತಲು ಕಲಿಸಿದಿರಿ. ಒಂದು ಸುತ್ತು ಬಿಗಿಯಾದರೂ ಬಿಚ್ಚಿಸುತ್ತಿದ್ದಿರಿ. ಅಂಗೈಗಿಂತ ಮುಂಗೈಗೆ ಬಿಸಿ ಬೇಗ ತಿಳಿಯುತ್ತದೆ ಎಂದು ತೋರಿಸಿದವರೂ ನೀವೇ. ಇವತ್ತಿಗೂ ಬೆಳಿಗ್ಗೆ ಲಾಯಕ್ಕೆ ಕಾಲಿಟ್ಟರೆ ನನ್ನ ಮುಂಗೈ ತಾನಾಗಿ ಮೊದಲು ಅವಳ ಎಡಗಾಲಿಗೆ, ಆಮೇಲೆ ಬಲಗಾಲಿಗೆ ಹೋಗುತ್ತದೆ. ಗೆಣ್ಣಿನ ಹಿಂದೆ ಬೆರಳಿಟ್ಟು ನಾಡಿ ನೋಡುವುದು, ಗೊರಸು ಬಿಸಿಯಾಗಿದೆಯೇ ಎಂದು ಮುಟ್ಟುವುದು, ಎಲ್ಲ ನೀವು ಹಾಕಿದ ಅಭ್ಯಾಸ.

ನಿಂತಲ್ಲೇ ನಿಂತ ಕುದುರೆಗೆ ಕಾಲಿಗಿಂತ ಹೊಟ್ಟೆಯ ಭಯ ಹೆಚ್ಚು ಎಂಬುದೂ ನನಗೆ ಗೊತ್ತಿರಲಿಲ್ಲ. ಓಡಾಟ ನಿಂತರೆ ಕರುಳಿನ ಚಲನೆ ಮಂದವಾಗುತ್ತದೆ, ಕೋಲಿಕ್ ಎಂಬ ಜೀವಕ್ಕೇ ಕುತ್ತಾಗಬಲ್ಲ ಹೊಟ್ಟೆನೋವು ಬರಬಹುದು. ಧಾನ್ಯ ಇಳಿಸಿ, ಒಣಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಮೂರು ಕಡೆ ತೂಗಿಹಾಕಿದಿರಿ, ಇಡೀ ದಿನ ಸ್ವಲ್ಪ ಸ್ವಲ್ಪವೇ ಎಳೆದು ತಿನ್ನಲಿ ಅಂತ. ಸಾಮಾನ್ಯವಾಗಿ ಕುದುರೆ ದಿನಕ್ಕೆ 8ರಿಂದ 12 ಸಲ ಲದ್ದಿ ಹಾಕುತ್ತದೆ. ನೀವು ಅದನ್ನೂ ಲೆಕ್ಕ ಇಟ್ಟಿರಿ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಎಳೆದ ಆ ಗೀಟುಗಳನ್ನು ನಾನು ಅಳಿಸಿಲ್ಲ.

ನಾಲ್ಕನೆಯ ತಿಂಗಳಿನ ಮಾತನ್ನು ಇಲ್ಲಿ ಹೇಳಲೇಬೇಕು. ದಿನಕ್ಕೆ ಎರಡು ಸಲ 5 ನಿಮಿಷದಿಂದ ಶುರುವಾದ ನಡಿಗೆ ಆಗ 35 ನಿಮಿಷ ಮುಟ್ಟಿತ್ತು. 3 ತಿಂಗಳ ಸ್ಕ್ಯಾನ್‌ನಲ್ಲಿ ಕಪ್ಪು ಕುಳಿ ಮುಕ್ಕಾಲು ತುಂಬಿತ್ತು. ಆ ದಿನ ಗಾಳಿ ಜೋರಿತ್ತು. ಗಾಳಿ ಇದ್ದರೆ ಬರೀ ಮುಖಪಟ್ಟಿ ಸಾಲದು, ಲಗಾಮು ಹಾಕಿಯೇ ಹೊರಗೆ ತನ್ನಿ ಎಂದು ಅಣ್ಣ ಹತ್ತು ಸಲ ಹೇಳಿದ್ದರು. ನಾನು ಅವಸರದಲ್ಲಿ ಹಾಕಲಿಲ್ಲ. ಎಲ್ಲಿಂದಲೋ ಒಂದು ಟಾರ್ಪಾಲು ಹಾರಿಬಂತು. ಕಸ್ತೂರಿ ಹಿಂಗಾಲಿನ ಮೇಲೆ ಎದ್ದಳು, ಗಿರ್ರನೆ ತಿರುಗಿದಳು, ಹಗ್ಗ ನನ್ನ ಅಂಗೈ ಸುಟ್ಟು ಜಾರಿತು. ಐವತ್ತು ಹೆಜ್ಜೆ ನಾಗಾಲೋಟ, ಆಮೇಲೆ ತಾನೇ ನಿಂತಳು. ಅಷ್ಟೇ. ಮಾರನೆಯ ಬೆಳಿಗ್ಗೆ ಮುಂಗೈ ಇಟ್ಟರೆ ಬಿಸಿ. ಸ್ಕ್ಯಾನ್ ಮಾಡಿದರೆ ಹಳೆಯ ಗಾಯದ ಅಂಚಿನಲ್ಲಿ ಹೊಸ ಕಪ್ಪು ಗೆರೆ.

ಮತ್ತೆ 5 ನಿಮಿಷದಿಂದ.

ನಾನು ನಿಮಿಷ ಬರೆದಿಡುತ್ತಿದ್ದ ನೋಟ್‌ಬುಕ್ಕಿನ ಹಾಳೆಗಳನ್ನು ಹರಿಯಲು ಹೊರಟಿದ್ದೆ. ಅಣ್ಣ ಪುಸ್ತಕ ಕಿತ್ತುಕೊಂಡು ಗೂಡಿನಲ್ಲಿಟ್ಟರು. ‘ಅಕ್ಕಾ, ನಡೆದದ್ದು ನಡೆದಿದೆ, ಅದೇನು ವಾಪಸ್ ಹೋಗಲ್ಲ. ಹೆದರೋದು ಕುದುರೆ ಹುಟ್ಟುಗುಣ. ನಾಳೆಯಿಂದ ಇಬ್ಬರೂ ಹೋಗೋಣ’ ಅಂದರು. ‘ನಾನು ಹೇಳಿರಲಿಲ್ವಾ’ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ, ಆವತ್ತೂ ಇಲ್ಲ, ಈವರೆಗೂ ಇಲ್ಲ. ಅಲ್ಲಿಂದ ಮುಂದೆ ಪ್ರತಿ ನಡಿಗೆಗೂ ಅವಳ ಇನ್ನೊಂದು ಮಗ್ಗುಲಲ್ಲಿ ಅವರಿದ್ದರು. ರಜೆಯ ದಿನಗಳಲ್ಲೂ ಬಂದರು. ಅಣ್ಣ, ಈ ಋಣ ದೊಡ್ಡದು.

ಲಾಳ ಕಟ್ಟುವ ಯಜಮಾನರೇ, ನಿಮ್ಮ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ, ಎಲ್ಲರಿಗೂ ಕಂಡದ್ದು ಸ್ಕ್ಯಾನ್ ಮಾತ್ರ. ಗೊರಸಿನ ಮುಂಭಾಗ ಉದ್ದ ಬೆಳೆದು ಹಿಮ್ಮಡಿ ತಗ್ಗಿದ್ದು ಕೂಡ ಲಿಗಮೆಂಟಿಗೆ ಹೊರೆ ಎಂದು ಮೊದಲ ನೋಟಕ್ಕೇ ಹೇಳಿದಿರಿ. ಡಾಕ್ಟರ ಜೊತೆ ಕೂತು ಎಕ್ಸ್-ರೇ ನೋಡಿ, ಒಳಬದಿಗೆ ಅಗಲವಿರುವ ಲಾಳ ಮಾಡಿದಿರಿ, ಮೆತ್ತನೆಯ ನೆಲದಲ್ಲಿ ಗಾಯದ ಬದಿ ಹೂತುಹೋಗದ ಹಾಗೆ. ಐದು ವಾರಕ್ಕೊಮ್ಮೆ, ಒಂದು ಸಲವೂ ತಪ್ಪದೆ ಬಂದಿರಿ. ಬಲಗಾಲು ಎತ್ತಿ ಬಹಳ ಹೊತ್ತು ಹಿಡಿಯಬಾರದೆಂದು ನಡುನಡುವೆ ಇಳಿಸಿ, ಅವಳು ನಿಟ್ಟುಸಿರು ಬಿಡುವವರೆಗೆ ಕಾದು, ಮತ್ತೆ ಎತ್ತುತ್ತಿದ್ದಿರಿ. ನನಗೆ ಅದು ನೆನಪಿದೆ.

ಇನ್ನು ಭೀಮನ ಒಡತಿ ಅಕ್ಕ. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿ ಕೂಡಿಹಾಕಿದರೆ ಮಂಕಾಗುತ್ತದೆ ಇಲ್ಲವೇ ಹುಚ್ಚೆದ್ದು ಗೋಡೆ ಒದೆಯುತ್ತದೆ. ಬೇರೆ ಕುದುರೆಗಳೆಲ್ಲ ಬಯಲಿಗೆ ಹೋದಾಗ ಕಸ್ತೂರಿ ಕೆನೆಯುತ್ತಾ ಸುತ್ತುತ್ತಿದ್ದಳು, ಆ ಸುತ್ತಾಟವೇ ಗಾಯಕ್ಕೆ ವಿಷ. ಆಗ ನೀವು ನಿಮ್ಮ ಮುದಿ ಕುದುರೆ ಭೀಮನನ್ನು ಪಕ್ಕದ ಕೋಣೆಗೆ ತಂದು ನಿಲ್ಲಿಸಿದಿರಿ. ನಾನು ಕೇಳಿರಲೂ ಇಲ್ಲ. ಅವನ ಬೆಳಗಿನ ಮೇಯುವ ಹೊತ್ತನ್ನು ಬಿಟ್ಟುಕೊಟ್ಟು, ಸಂಜೆಗೆ ನೀವೇ ಅವನನ್ನು ಹೊರಗೆ ಕರೆದೊಯ್ಯುತ್ತಿದ್ದಿರಿ. ತಡಿಕೆಯ ಮೇಲಿಂದ ಅವರಿಬ್ಬರೂ ಒಬ್ಬರ ಭುಜವನ್ನೊಬ್ಬರು ಹಲ್ಲಿನಿಂದ ಕೆರೆದುಕೊಳ್ಳುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಕಸ್ತೂರಿ ಸುತ್ತುವುದು ಬಿಟ್ಟದ್ದು ಆ ವಾರ. ನನ್ನ ಲೆಕ್ಕದಲ್ಲಿ ಪ್ಲೇಟ್‌ಲೆಟ್‌ಗೆ ಎಷ್ಟು ಪಾಲಿದೆಯೋ ಭೀಮನಿಗೂ ಅಷ್ಟೇ ಇದೆ. ಡಾಕ್ಟರ್ ಒಪ್ಪದಿದ್ದರೂ ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಎಂಟನೆಯ ತಿಂಗಳಲ್ಲಿ ಗಟ್ಟಿಯಾದ ಸಮ ನೆಲದ ಮೇಲೆ, ನೇರ ಗೆರೆಯಲ್ಲಿ, 1 ನಿಮಿಷ ಟ್ರಾಟ್. ವಾರ ಕಳೆದಂತೆ 2 ನಿಮಿಷ, 3 ನಿಮಿಷ. ತಿರುವು ಇಲ್ಲ, ವೃತ್ತ ಇಲ್ಲ, ಆಳದ ಮರಳು ಇಲ್ಲ. ಹತ್ತನೆಯ ತಿಂಗಳಲ್ಲಿ ಚಿಕ್ಕ ಬೇಲಿಯೊಳಗೆ ಬಿಟ್ಟದ್ದು. ಹನ್ನೊಂದಕ್ಕೆ ಮೊದಲ ಕ್ಯಾಂಟರ್, ಅಂದರೆ ಅದಕ್ಕಿಂತ ವೇಗದ ಓಟ. ಪ್ರತಿ ಮೆಟ್ಟಿಲಿಗೂ ಮುಂಚೆ ಸ್ಕ್ಯಾನ್, ಸ್ಕ್ಯಾನ್ ಒಪ್ಪದೆ ಮುಂದಿನ ಮೆಟ್ಟಿಲಿಲ್ಲ. ಮೊನ್ನೆಯ ಸ್ಕ್ಯಾನ್‌ನಲ್ಲಿ ಆ ಕುಳಿ ಇದ್ದ ಜಾಗ ತುಸು ದಪ್ಪವಾಗಿದೆ, ಇನ್ನು ಹಾಗೆಯೇ ಇರುತ್ತದಂತೆ. ಕಲೆಯಾದ ಜಾಗ ಮೊದಲಿನಷ್ಟು ಹಿಗ್ಗುವುದಿಲ್ಲ, ಹಾಗಾಗಿ ಎಚ್ಚರ ಜೀವನಪೂರ್ತಿ. ಆದರೆ ನಾರುಗಳು ಸಾಲಾಗಿವೆ. ಡಾಕ್ಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, ಮೊದಲ ದಿನ ಸುತ್ತಿದ ಅದೇ ಜಾಗಕ್ಕೆ ಬೆರಳಿಟ್ಟು, ‘ಈಗ ಬಿಡಿ’ ಅಂದರು.

ರಾತ್ರಿ ಹನ್ನೊಂದಕ್ಕೆ ‘ಕಾಲು ಸ್ವಲ್ಪ ಊದಿದೆ ಅನಿಸ್ತಿದೆ’ ಎಂದು ನಾನು ಫೋಟೋ ಕಳಿಸಿದಾಗಲೆಲ್ಲ ಉತ್ತರಿಸಿದ ಗೆಳತಿಯರಿಗೆ, ತಮ್ಮ ಕುದುರೆಗಳೂ ಇದೇ ದಾರಿ ನಡೆದದ್ದನ್ನು ನೆನಪಿಟ್ಟು ಹೇಳಿದ ಅಪರಿಚಿತರಿಗೆ, ಅದರಲ್ಲೂ ಅವಸರದಲ್ಲಿ ಎರಡನೆಯ ಸಲ ಗಾಯ ಮಾಡಿಸಿ ಕುದುರೆಯನ್ನು ಸವಾರಿಯಿಂದಲೇ ನಿಲ್ಲಿಸಬೇಕಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದ ಆ ಒಬ್ಬರಿಗೆ: ನಿಮ್ಮ ಪತ್ರ ನನ್ನನ್ನು ಎಷ್ಟು ಸಲ ತಡೆದು ನಿಲ್ಲಿಸಿತೋ ನಿಮಗೆ ಗೊತ್ತಿಲ್ಲ. ನಿಮ್ಮ ಕುದುರೆ ಬಯಲಿನಲ್ಲಿ ನೆಮ್ಮದಿಯಾಗಿ ಮೇಯುತ್ತಿದೆ ಎಂದು ಓದಿ ಸಂತೋಷವಾಗಿತ್ತು.

ಮನೆಯವರಿಗೂ. ಹಬ್ಬ, ಮದುವೆ, ಪ್ರವಾಸ ಎಲ್ಲವನ್ನೂ ‘ಕಸ್ತೂರಿಯ ಹೊತ್ತು’ ನೋಡಿಕೊಂಡೇ ಇಟ್ಟುಕೊಂಡಿರಿ. ಜ್ವರ ಬಂದು ನಾನು ಮಲಗಿದ ಆ ನಾಲ್ಕು ದಿನ ನೋಟ್‌ಬುಕ್ಕಿನಲ್ಲಿ ಮಗಳ ಅಕ್ಷರವಿದೆ: ‘ಬೆಳಿಗ್ಗೆ 20. ಸಂಜೆ 20. ಬಿಸಿ ಇಲ್ಲ. ಅಮ್ಮನ ಬಗ್ಗೆ ಕೇಳಿದಳು.’

ನಿನ್ನೆ ಹೊರಳಾಡಿ ಎದ್ದ ಮೇಲೆ ಕಸ್ತೂರಿ ಸೀದಾ ಭೀಮನ ಹತ್ತಿರ ಹೋದಳು. ಇಬ್ಬರೂ ತಲೆ ತಗ್ಗಿಸಿ ಮೇಯಲು ತೊಡಗಿದರು. ನಾನೂ ಅಣ್ಣನೂ ಗೇಟಿಗೆ ಒರಗಿ ನೋಡುತ್ತಾ ನಿಂತೆವು. ಅರ್ಧ ಗಂಟೆಯಾದ ಮೇಲೆ ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿ ಹಗ್ಗ ಕೈಗೆತ್ತಿಕೊಂಡೆ. ಅಣ್ಣ ಅವರತ್ತ ನೋಡುತ್ತಲೇ ಹೇಳಿದರು:

‘ಇನ್ನೂ ಬೇಡ ಅಕ್ಕಾ. ಇರಲಿ ಬಿಡಿ.’