ದತ್ತು ನಾಯಿ ತರೋರಿಗೆ

ಎಲ್ಲರಿಗೂ ನಮಸ್ಕಾರ್ರಿ. ಆಶ್ರಯಧಾಮದಿಂದ ನಾಯಿ ತರೋರು ಇದನ್ನ ಓದಿ ಹೊರಡ್ರಿ.

ಬಾಡಿಗೆ ಮನಿ ಇದ್ರ ಮೊದಲ ಮಾಲಕರನ್ನ ಕೇಳ್ರಿ. ಲಸಿಕೆ ಪುಸ್ತಕ ಇಸ್ಕೊಳ್ರಿ. ಮರಿಗೆ ಪಾರ್ವೋ, ಡಿಸ್ಟೆಂಪರ್ (ಎರಡೂ ನಾಯಿಗೆ ಬರೋ ಜೀವ ತೆಗಿಯೋ ಅಂಟುರೋಗ) ಲಸಿಕೆ 6–8 ವಾರಕ್ಕ ಶುರು. 16 ವಾರ ಆಗೋತನಕ 3–4 ವಾರಕ್ಕೊಮ್ಮೆ. ರೇಬಿಸ್‌ದು 3 ತಿಂಗಳಿಗೆ. ‘ಒಂದು ಸೂಜಿ ಆಗೇತಿ’ ಅಂದ್ರ ಸಾಲಂಗಿಲ್ಲ: ತಾಯಿಯಿಂದ ಬಂದ ಪ್ರತಿಕಾಯಗಳು (ರಕ್ತದಾಗಿನ ರೋಗ ತಡಿಯೋ ಅಂಶ) ಮೊದಲ ಲಸಿಕೆಯನ್ನ ಹತ್ತಗೊಡದ ಇರಬಹುದು. ಮನ್ಯಾಗ ಇನ್ನೊಂದು ನಾಯಿ ಇದ್ರ ಎರಡು ವಾರ ಬ್ಯಾರೆ ಖೋಲಿ, ಬ್ಯಾರೆ ತಾಟು. ವಾಂತಿ, ರಕ್ತಭೇದಿ ಕಂಡ್ರ ಅವತ್ತ ಡಾಕ್ಟರ ಹತ್ರ.

ನಾಯಿ ತಪ್ಪಿಸ್ಕೊಳ್ಳೋದು ಹೆಚ್ಚಾಗಿ ಗಾಡಿಯಿಂದ ಇಳಿಸೋವಾಗ, ಗೇಟಿನ ಹತ್ರ. ಹೆದರಿದ ನಾಯಿ ಹಿಂದಕ್ಕ ಜಗ್ಗಿದ್ರ ಕೊರಳಪಟ್ಟಿ ತಲಿಯಿಂದ ಜಾರತೈತಿ. ಅದಕ್ಕ ಪಟ್ಟಿಗೊಂದು, ಎದಿಗೆ ಹಾಕೋ ಹಾರ್ನೆಸ್‌ಗೊಂದು, ಎರಡು ಹಗ್ಗ. ಪಟ್ಟಿಯೊಳಗ ಎರಡು ಬೆರಳು ಹಿಡಿದ್ರ ಸಾಕು.

ಆಶ್ರಯಧಾಮದಾಗ ತಿಂತಿದ್ದ ಊಟಾನ ಮೊದಲ ಕೊಡ್ರಿ. ಒಂದು ವಾರದಾಗ ನಿಧಾನಕ್ಕ ಬದಲಿಸ್ರಿ, ಇಲ್ಲಾಂದ್ರ ಭೇದಿ. ಬರೇ ರೊಟ್ಟಿ-ಹಾಲು ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಸಾರೂ ಬ್ಯಾಡ. ವಿಜಯಪುರದಾಗ ಮನಿಮನಿಗೆ ದ್ರಾಕ್ಷಿ, ಒಣದ್ರಾಕ್ಷಿ ಇರತೈತಲ್ಲ, ಅದನ್ನ ಎತ್ತರದಾಗ ಇಡ್ರಿ: ಸ್ವಲ್ಪ ತಿಂದ್ರೂ ಕಿಡ್ನಿ ಕೆಡಬಹುದು. ತಿಂದಿದ್ದು ಗೊತ್ತಾದ್ರ ಲಕ್ಷಣ ಕಾಯಬ್ಯಾಡ್ರಿ, ಡಾಕ್ಟರ ಹತ್ರ ಒಯ್ರಿ.

ಬ್ಯಾಸಗ್ಯಾಗ ಮುಂಜಾನೆ 7ರೊಳಗ ತಿರುಗಾಡಸ್ರಿ. ರಸ್ತೆ ಮ್ಯಾಲೆ ಅಂಗೈ ಹಿಂಭಾಗ 5 ಸೆಕೆಂಡ್ ಇಡಾಕ ಆಗದಿದ್ರ ಅದರ ಪಾದಾನೂ ಸುಡತಾವ.

ಮುಧೋಳ ತಳಿ ಸಿಕ್ಕಿತಂತ ಫ್ಲ್ಯಾಟಿಗೆ ಒಯ್ಯೋರು ಒಮ್ಮೆ ಯೋಚಿಸ್ರಿ. ಅದು ಓಡೋ ಬೇಟೆ ನಾಯಿ. ಬಯಲು ಬೇಕು, ಗಿಡ್ಡ ಕಂಪೌಂಡು ಜಿಗಿತೈತಿ.